ನೋಡಿ ಕಲಿತ ಭಕ್ತಿ

ಹೊಸ ಒಡಂಬಡಿಕೆಯ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದಲ್ಲಿ ಒಬ್ಬರ ಹಿಂದೆ ಒಬ್ಬರು ಹೊಲ ಮಾರುತ್ತಾರೆ. ಮೊದಲನೆಯವನು ಸೈಪ್ರಸ್ ದ್ವೀಪದವನು, ಬಾರ್ನಬನೆಂದು ಅಪೊಸ್ತಲರೇ ಕರೆದವನು. ಮಾರಿದ ಹಣವನ್ನಷ್ಟೂ ತಂದು ಅವರ ಪಾದದ ಬಳಿ ಇಟ್ಟ. ಮರು ಅಧ್ಯಾಯ ತೆರೆಯುವಾಗಲೇ ಅನನೀಯ ಮತ್ತು ಅವನ ಹೆಂಡತಿ ಸಪ್ಫೈರ ಆಸ್ತಿ ಮಾರಿರುತ್ತಾರೆ. ಒಂದು ಪಾಲು ಮನೆಯಲ್ಲಿ ಉಳಿಸಿಕೊಂಡು, ಇದೇ ಪೂರ್ತಿ ಎಂಬಂತೆ ಉಳಿದದ್ದನ್ನು ತಂದಿಡುತ್ತಾರೆ. ಇಬ್ಬರೂ ಅಲ್ಲೇ ಬಿದ್ದು ಪ್ರಾಣ ಬಿಡುತ್ತಾರೆ.

ಸಂಡೇ ಸ್ಕೂಲಿನಲ್ಲಿ ಈ ಕಥೆ ‘ಸುಳ್ಳು ಹೇಳಬೇಡಿ’ ಎಂಬ ಪಾಠಕ್ಕೆ ಸಲ್ಲುತ್ತದೆ. ಆದರೆ ಪೇತ್ರ ಅನನೀಯನನ್ನು ಕೇಳಿದ್ದರಲ್ಲಿ ಇನ್ನೊಂದು ಮಾತೂ ಇದೆ. ಹೊಲ ನಿನ್ನದೇ ಆಗಿತ್ತು, ಮಾರಿದ ಮೇಲೂ ಹಣ ನಿನ್ನ ಕೈಯಲ್ಲೇ ಇತ್ತು, ಯಾರೂ ಒತ್ತಾಯ ಮಾಡಿರಲಿಲ್ಲವಲ್ಲ ಎಂಬುದು ಅವನ ಮಾತಿನ ತಾತ್ಪರ್ಯ. ಕಡಿಮೆ ಕೊಟ್ಟದ್ದು ತಪ್ಪಾಗಿರಲಿಲ್ಲ, ಬಾರ್ನಬನನ್ನು ನೋಡಿ ಕೊಡಬೇಕೆನ್ನಿಸಿದ್ದೂ ತಪ್ಪಾಗಿರಲಿಲ್ಲ. ಬಾರ್ನಬನಷ್ಟೇ ಕೊಟ್ಟವರಂತೆ ಕಾಣಿಸಿಕೊಳ್ಳಬೇಕೆಂಬ ಆಸೆ ಕೊಂದಿತು.

ಕ್ರೈಸ್ತ ಆರಾಧನೆಯಲ್ಲಿ ಪ್ರಾಮಾಣಿಕತೆ ಯಾವುದು, ಅನುಕರಣೆ ಯಾವುದು ಎಂಬ ಜಗಳ ಹೀಗೆ ಸಭೆಯಷ್ಟೇ ಹಳೆಯದು. ಬೈಬಲಿನಲ್ಲಿ ಅದಕ್ಕೆ ಒಂದೇ ಉತ್ತರ ಹುಡುಕುವವರಿಗೆ ನಿರಾಸೆಯಾಗುತ್ತದೆ. ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಯೇಸು, ಜನ ನೋಡಲೆಂದು ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸುವವರನ್ನು ಹಳಿದು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಲು ಹೇಳುತ್ತಾನೆ. ಅದರ ಬೆನ್ನಿಗೇ ಸಿದ್ಧ ಪ್ರಾರ್ಥನೆಯೊಂದನ್ನೂ ಹೇಳಿಕೊಡುತ್ತಾನೆ. ಲೂಕನ ಪ್ರಕಾರ ಆ ಪ್ರಾರ್ಥನೆ ಹುಟ್ಟಿದ್ದೇ ಬೇರೆಯವರನ್ನು ಕಂಡು: ಯೋಹಾನ ತನ್ನ ಶಿಷ್ಯರಿಗೆ ಕಲಿಸಿದ್ದಾನೆ, ನಮಗೂ ಕಲಿಸು ಎಂದು ಶಿಷ್ಯನೊಬ್ಬ ಕೇಳಿದ. ಪೌಲ ಕೊರಿಂಥದವರಿಗೆ ತನ್ನನ್ನು ಅನುಸರಿಸುವಂತೆ ಸಂಕೋಚವಿಲ್ಲದೆ ಬರೆದ. ಅದೇ ಪೌಲನ ಮಾತನ್ನು ಎಫೆಸದಲ್ಲಿ ಎರವಲು ಪಡೆದು ದೆವ್ವ ಬಿಡಿಸಹೊರಟ ಸ್ಕೇವನ ಏಳು ಮಂದಿ ಮಕ್ಕಳು, ದೆವ್ವ ಹಿಡಿದವನ ಕೈಯಲ್ಲಿ ಏಟು ತಿಂದು ಬಟ್ಟೆ ಕಳೆದುಕೊಂಡು ಓಡಿದರು.

ಈ ಜಗಳದ ಇತಿಹಾಸ ಓದುತ್ತ ಹೋದಂತೆ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯವೊಂದು ಮೂಡಿದೆ. ನೋಡಿ ಕಲಿತದ್ದರಿಂದ ಭಕ್ತಿ ಕೆಟ್ಟ ಪ್ರಸಂಗಗಳು ಕಡಿಮೆ. ಇಂಥದೇ ಗುರುತು ತೋರಿಸಿದರೆ ಮಾತ್ರ ಒಳಗೆ ಎಂದು ಸಭೆ ಪಟ್ಟು ಹಿಡಿದಾಗ ಕೆಟ್ಟ ಪ್ರಸಂಗಗಳೇ ಹೆಚ್ಚು.

ಮೊದಲ ಶತಮಾನಗಳಲ್ಲಿ ಅನುಕರಣೆಗೆ ಇದ್ದ ದೊಡ್ಡ ಮಾದರಿ ಹುತಾತ್ಮರು. ಸ್ಮುರ್ನದ ಬಿಷಪ್ ಪಾಲಿಕಾರ್ಪನ ಸಾವನ್ನು ವಿವರಿಸುವ ಎರಡನೆಯ ಶತಮಾನದ ಪತ್ರದಲ್ಲಿ ಕ್ವಿಂಟಸ್ ಎಂಬ ಫ್ರಿಜಿಯದವನೊಬ್ಬ ಬರುತ್ತಾನೆ. ತಾನಾಗಿ ಹೋಗಿ ಸೆರೆಯಾದ, ಇನ್ನೂ ಕೆಲವರನ್ನು ಹುರಿದುಂಬಿಸಿ ಕರೆದೊಯ್ದ, ಕಾಡುಮೃಗಗಳನ್ನು ಕಣ್ಣಾರೆ ಕಂಡೊಡನೆ ಎದೆಗುಂದಿ ಚಕ್ರವರ್ತಿಯ ಹೆಸರಿನಲ್ಲಿ ಆಣೆಯಿಟ್ಟ. ಹೀಗೆ ಮುನ್ನುಗ್ಗುವವರನ್ನು ನಾವು ಹೊಗಳುವುದಿಲ್ಲ ಎಂದು ಪತ್ರ ಖಡಾಖಂಡಿತವಾಗಿ ಹೇಳುತ್ತದೆ. ಆದರೆ ಅನುಕರಣೆಯ ಫಲ ಯಾವಾಗಲೂ ಕ್ವಿಂಟಸ್‌ನೇ ಆಗಬೇಕಿಲ್ಲ. ಅಗಸ್ಟೀನರು ಮನತಿರುಗಿದ 386ರ ಮಿಲಾನಿನ ತೋಟದ ಪ್ರಸಂಗವನ್ನು ನೋಡಿ. ಈಜಿಪ್ಟಿನ ಅಂತೋನಿ ಚರ್ಚಿನಲ್ಲಿ ಓದುತ್ತಿದ್ದ ಸುವಾರ್ತೆಯ ಮಾತು ತನಗೇ ಹೇಳಿದ್ದೆಂದು ತಿಳಿದು ಆಸ್ತಿ ಬಿಟ್ಟ. ಅವನ ಚರಿತ್ರೆಯನ್ನು ಓದಿ ಟ್ರಿಯರ್ ನಗರದ ಇಬ್ಬರು ಅಧಿಕಾರಿಗಳು ಕೆಲಸ ಬಿಟ್ಟರು. ಅವರ ಕಥೆ ಕೇಳಿ ಅಗಸ್ಟೀನರು ಕಂಗೆಟ್ಟು ತೋಟಕ್ಕೆ ಹೋದರು. ಅಂತೋನಿಗೆ ಆದದ್ದು ನೆನಪಾಗಿ ಅವನಂತೆಯೇ ಕಣ್ಣಿಗೆ ಬಿದ್ದ ವಾಕ್ಯ ಓದಿದರು. ಅವರ ಕೈಯಿಂದ ಪುಸ್ತಕ ತೆಗೆದುಕೊಂಡು ಗೆಳೆಯ ಅಲಿಪಿಯಸ್ ಮುಂದಿನ ಸಾಲು ಓದಿ ತಾನೂ ಹಿಂಬಾಲಿಸಿದ. ಒಳಮನಸ್ಸಿನ ಪ್ರಾಮಾಣಿಕತೆಗೆ ಪಶ್ಚಿಮದಲ್ಲಿ ಮಾದರಿಯೆನಿಸಿದ ಅಗಸ್ಟೀನರ ಆತ್ಮಕಥೆಯ ತಿರುವಿನಲ್ಲೇ ಇಷ್ಟೊಂದು ಮಂದಿ ಒಬ್ಬರನ್ನೊಬ್ಬರು ನೋಡಿ ನಡೆದಿದ್ದಾರೆ.

ಸಿರಿಯಾದಲ್ಲಿ ಸಿಮೆಯೋನ್ ಕಂಬದ ಮೇಲೆ ದಶಕಗಳ ಕಾಲ ನಿಂತು ತಪಸ್ಸು ಮಾಡಿದ ಮೇಲೆ ಪೂರ್ವದಲ್ಲಿ ಕಂಬದ ಸನ್ಯಾಸಿಗಳ ಪರಂಪರೆಯೇ ಬೆಳೆಯಿತು. ಆರನೆಯ ಶತಮಾನದಲ್ಲಿ ವುಲ್ಫಿಲಾಯಿಕ್ ಎಂಬಾತ ಅದನ್ನು ಟ್ರಿಯರ್ ಸೀಮೆಗೂ ತಂದ. ಅಲ್ಲಿನ ಚಳಿಗೆ ಅವನ ಕಾಲಿನ ಉಗುರುಗಳು ಉದುರಿದವಂತೆ, ಗಡ್ಡದಲ್ಲಿ ಹಿಮ ಜೋತುಬಿದ್ದಿತಂತೆ. ಬಿಷಪ್ಪರು ಬಂದು, ಅಂತಿಯೋಕ್ಯದ ಸಿಮೆಯೋನನಿಗೆ ನಿನ್ನನ್ನು ಹೋಲಿಸಲಾಗದು, ಈ ಹವೆಗೆ ಇದು ಒಗ್ಗದು ಎಂದು ಕೆಳಗಿಳಿಸಿದರು. ಆತ ಬೇರೆಡೆ ಇದ್ದಾಗ ಕಂಬವನ್ನು ಒಡೆಸಿಯೂ ಬಿಟ್ಟರು. ಅವನೇ ಇದನ್ನು ತೂರ್‌ನ ಗ್ರೆಗೊರಿಗೆ ಹೇಳಿದ್ದು, ಗ್ರೆಗೊರಿ ಬರೆದಿಟ್ಟಿದ್ದಾನೆ. ಪಾಪ, ಅವನ ಪ್ರಾಮಾಣಿಕತೆಯ ಬಗ್ಗೆ ಯಾರೂ ಸಂಶಯಪಟ್ಟಂತಿಲ್ಲ.

ಹೆಚ್ಚುಕಡಿಮೆ ಅದೇ ಕಾಲದ ಬೆನೆಡಿಕ್ಟರ ನಿಯಮಾವಳಿ ಪ್ರಾಮಾಣಿಕತೆ, ಅನುಕರಣೆ ಎರಡನ್ನೂ ಒಟ್ಟಿಗೆ ಇಟ್ಟುಕೊಂಡಿತು. ಕೀರ್ತನೆ ಹಾಡುವಾಗ ಮನಸ್ಸು ದನಿಯೊಡನೆ ಹೊಂದಬೇಕೆನ್ನುತ್ತದೆ ಅದು. ನಾವಾದರೆ ದನಿ ಮನಸ್ಸಿನೊಡನೆ ಹೊಂದಬೇಕು ಎನ್ನುತ್ತಿದ್ದೆವು. ಅಲ್ಲಿ ಮೊದಲು ಬರುವುದು ಕೊಟ್ಟ ಹಾಡು. ಮನಸ್ಸು ಅದರ ಹಿಂದೆ ನಡೆದು ಕಲಿಯಬೇಕು. ಹಿರಿಯರ ಮಾದರಿ ಮೀರಿ ಏನನ್ನೂ ಮಾಡದಿರುವುದನ್ನು ವಿನಯದ ಒಂದು ಮೆಟ್ಟಿಲೆಂದೇ ಅದು ಎಣಿಸುತ್ತದೆ.

ಈ ಅನುಕ್ರಮ ತಿರುಗಿಬಿದ್ದದ್ದು ಪ್ರೊಟೆಸ್ಟಂಟ್ ಸುಧಾರಣೆಯ ನಂತರ, ಮುಖ್ಯವಾಗಿ ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ. 1549ರಿಂದ ಅಲ್ಲಿನ ಸಭೆಗಳಿಗೆ ಒಂದೇ ಅಚ್ಚಿನ ಪ್ರಾರ್ಥನಾ ಪುಸ್ತಕವಿತ್ತು. ಆ ಸುಧಾರಣೆ ಸಾಲದೆಂದ ಪ್ಯೂರಿಟನ್ನರಿಗೆ ಅದು ಬಾಯಿಪಾಠ. ಪವಿತ್ರಾತ್ಮ ಒಳಗಿನಿಂದ ನುಡಿಸದ ಮಾತು ಪ್ರಾರ್ಥನೆಯೇ ಅಲ್ಲವೆಂದು ಜಾನ್ ಬನಿಯನ್ ಸೆರೆಮನೆಯಲ್ಲಿ ಕುಳಿತು ಒಂದು ಪುಸ್ತಿಕೆಯನ್ನೇ ಬರೆದರು. ಅಪ್ಪಣೆಯಿಲ್ಲದೆ ಬೋಧಿಸಿದ್ದಕ್ಕೆ 1660ರಿಂದ ಹನ್ನೆರಡು ವರ್ಷ ಅವರು ಒಳಗಿದ್ದರು. ಅದಕ್ಕೂ ಮೊದಲಿನ ಪ್ರಸಂಗ ಇನ್ನೂ ಸ್ವಾರಸ್ಯ. 1649ರಲ್ಲಿ ಶಿರಚ್ಛೇದಗೊಂಡ ದೊರೆ ಚಾರ್ಲ್ಸನ ಪ್ರಾರ್ಥನೆಗಳೆಂದು ಒಂದು ಪುಸ್ತಕ ಹೊರಬಂದು ಜನರನ್ನು ಅಳಿಸಿತು. ಅದರ ಕೆಲವು ಆವೃತ್ತಿಗಳಲ್ಲಿ, ಸೆರೆಯಲ್ಲಿ ದೊರೆ ಹೇಳಿಕೊಂಡದ್ದೆಂಬ ಒಂದು ಪ್ರಾರ್ಥನೆ ಸರ್ ಫಿಲಿಪ್ ಸಿಡ್ನಿಯ ‘ಆರ್ಕೇಡಿಯಾ’ ಎಂಬ ಪ್ರೇಮಕಥೆಯ ನಾಯಕಿ ಪಮೀಲಾಳದ್ದು. ಕವಿ ಮಿಲ್ಟನ್ ಇದನ್ನು ಎತ್ತಿ ತೋರಿಸಿ, ಸಾವಿನ ಮುಂದೆ ನಿಂತವನು ದೇವರಿಗೆ ಎರವಲು ಮಾತು ಒಪ್ಪಿಸಿದನೆಂದು ಹಂಗಿಸಿದರು. ಮಿಲ್ಟನ್ ಹೇಳಿದ್ದು ನಿಜವಿರಬಹುದು. ಆದರೂ ಸಾವಿನ ಮುಂದೆ ನಿಂತವನಿಗೆ ಸ್ವಂತ ಮಾತೇ ಹೊಳೆಯಬೇಕೆಂದು ಕೇಳುವುದು ನನಗೆ ನಿರ್ದಯವೆನ್ನಿಸುತ್ತದೆ.

ಕ್ವೇಕರರು ಇನ್ನೂ ಮುಂದೆ ಹೋಗಿ ಪುಸ್ತಕ, ಹಾಡು, ಸಂಸ್ಕಾರ ಎಲ್ಲವನ್ನೂ ಬಿಟ್ಟು ಮೌನವಾಗಿ ಕೂತರು. ಆದರೆ ಅವರ ಸರಳ ಉಡುಪು ಒಂದೆರಡು ತಲೆಮಾರಿನಲ್ಲಿ ಸಮವಸ್ತ್ರವಾಯಿತು. ಪಂಥ ಕಟ್ಟಿದವರಲ್ಲಿ ಒಬ್ಬರಾದ ಮಾರ್ಗರೆಟ್ ಫೆಲ್ ಮುಪ್ಪಿನಲ್ಲಿ, 1700ರಲ್ಲಿ, ಎಲ್ಲರೂ ಒಂದೇ ಬಗೆಯ ಬಟ್ಟೆ ತೊಡಬೇಕೆನ್ನುವುದು ಎಂಥ ಬಡಕಲು ಸುವಾರ್ತೆ ಎಂಬ ಅರ್ಥದಲ್ಲಿ ಸಿಟ್ಟಿನಿಂದ ಬರೆದರು.

ಪುಸ್ತಕ ಬಿಟ್ಟವರ ಪ್ರಾರ್ಥನೆಗೂ ಅಚ್ಚು ಬೀಳುತ್ತದೆ ಎಂಬುದಕ್ಕೆ ಇಂಗ್ಲೆಂಡಿಗೆ ಹೋಗಬೇಕಿಲ್ಲ. ಬೆಂಗಳೂರಿನ ಯಾವುದಾದರೂ ಕನ್ನಡ ಪೆಂತೆಕೋಸ್ತ್ ಸಭೆಯ ‘ಹೃದಯದಿಂದ ಬಂದ’ ಪ್ರಾರ್ಥನೆಯನ್ನು ಕಿವಿಗೊಟ್ಟು ಕೇಳಿ. ಈ ಗಳಿಗೆಯವರೆಗೂ ಕಾಪಾಡಿದ್ದಕ್ಕೆ ಸ್ತೋತ್ರದಿಂದ ಶುರು. ಬಂದವರಿಗಾಗಿ, ದಾರಿಯಲ್ಲಿರುವವರಿಗಾಗಿ, ಬರಲಾಗದೆ ಹಾಸಿಗೆ ಹಿಡಿದವರಿಗಾಗಿ ಬಿನ್ನಹ. ವಾಕ್ಯ ಹೇಳುವ ದಾಸನನ್ನು ಶಿಲುಬೆಯ ಮರೆಯಲ್ಲಿಟ್ಟು ಉಪಯೋಗಿಸು ಎಂಬ ಬೇಡಿಕೆ. ಉಸಿರು ತೆಗೆದುಕೊಳ್ಳುವ ಕಡೆಯಲ್ಲೆಲ್ಲ ‘ಸ್ತೋತ್ರ ಕರ್ತನೇ’, ದನಿ ಏರಿದಾಗ ತಮಿಳು ಬೋಧಕರಿಂದ ಬಂದ ‘ಯೇಸಪ್ಪಾ’. ಪುಸ್ತಕವಿಲ್ಲ, ಕ್ರಮ ಮಾತ್ರ ಕದಲುವುದಿಲ್ಲ. ಇದನ್ನು ನಾನು ಗೇಲಿಯಾಗಿ ಹೇಳುತ್ತಿಲ್ಲ. ಎರಡನೇ ಕ್ಲಾಸು ಓದದ ಹೆಂಗಸೊಬ್ಬಳು ನೂರು ಜನರ ಮುಂದೆ ಎದ್ದು ನಿಂತು ಐದು ನಿಮಿಷ ತಡವರಿಸದೆ ಪ್ರಾರ್ಥಿಸುವ ಧೈರ್ಯ ಬರುವುದು ಈ ಅಚ್ಚಿನಿಂದಲೇ. ಹಾಗೆ ಪ್ರಾರ್ಥಿಸುತ್ತ ಅವಳು ತನ್ನ ಮಗನ ಕುಡಿತದ ಮಾತಿಗೆ ಬಂದಾಗ ಅಚ್ಚು ತಾನಾಗಿ ಸಡಿಲುತ್ತದೆ, ವಾಕ್ಯ ಮುರಿಯುತ್ತದೆ.

ಗುರುತು ಕೇಳುವ ಸಭೆಯ ಕಥೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಅಮೆರಿಕದ ನ್ಯೂ ಇಂಗ್ಲೆಂಡಿನಲ್ಲಿ. ಅಲ್ಲಿಗೆ ವಲಸೆ ಹೋದ ಪ್ಯೂರಿಟನ್ನರು 1630ರ ದಶಕದಲ್ಲಿ ಹೊಸ ನಿಯಮ ತಂದರು: ಸಭೆಯ ಪೂರ್ಣ ಸದಸ್ಯರಾಗಬೇಕಾದರೆ, ದೇವರ ಕೃಪೆ ತನ್ನ ಆತ್ಮದಲ್ಲಿ ಹೇಗೆ ಕೆಲಸ ಮಾಡಿತೆಂದು ಸಭೆಯ ಮುಂದೆ ಸಾಕ್ಷಿ ಹೇಳಬೇಕು. ಉದ್ದೇಶ ಒಳ್ಳೆಯದೇ, ರೂಢಿಗೆ ಚರ್ಚಿಗೆ ಬರುವವರನ್ನು ಬದಿಗಿಟ್ಟು ನಿಜವಾದ ವಿಶ್ವಾಸಿಗಳ ಸಭೆ ಕಟ್ಟಬೇಕಿತ್ತು. ಕೇಂಬ್ರಿಜ್ ಊರಿನ ಸಭಾಪಾಲಕ ಥಾಮಸ್ ಶೆಪರ್ಡ್ ತಮ್ಮ ಜನರ ಇಂಥ ಸುಮಾರು 50 ಸಾಕ್ಷಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು. ಆಳುಕಾಳುಗಳ ಮಾತೂ ಅದರಲ್ಲಿದೆ. ಸಾಲಾಗಿ ಓದಿದರೆ ದಾರಿ ಒಂದೇ: ಪಾಪದ ಅರಿವು, ನರಕದ ಭಯ, ಸ್ವಂತ ಪ್ರಯತ್ನದ ಸೋಲು, ಒಂದು ವಾಕ್ಯದಿಂದ ಸಮಾಧಾನ, ಮತ್ತೆ ಸಂಶಯ. ಸಂಶಯವೂ ಬೇಕೇ ಬೇಕು, ಪೂರ್ಣ ಭರವಸೆ ಅಹಂಕಾರದ ಗುರುತೆಂದು ಬೋಧಿಸಿದ್ದರು.

ಮುಂದಿನ ತಲೆಮಾರಿಗೆ ಇದು ಒಗ್ಗಲಿಲ್ಲ. ಸಭೆಯಲ್ಲೇ ಹುಟ್ಟಿ ಬೆಳೆದ ಮಕ್ಕಳಲ್ಲಿ ಹಲವರು ಒಳ್ಳೆಯವರಾಗಿದ್ದರು, ಪ್ರಾರ್ಥನೆಗೂ ಬರುತ್ತಿದ್ದರು, ಆದರೆ ಹೇಳಿಕೊಳ್ಳುವಂಥ ಅನುಭವ ಅವರಿಗೆ ಆಗಿರಲಿಲ್ಲ. ಆಗಿಲ್ಲದ್ದನ್ನು ಆಗಿದೆ ಎನ್ನಲು ಹೆದರಿ ಅವರು ಹೊರಗೇ ಉಳಿದರು. ಪ್ರಾಮಾಣಿಕತೆಯನ್ನು ಅಳೆಯಲು ಇಟ್ಟ ಪರೀಕ್ಷೆ ಪ್ರಾಮಾಣಿಕರನ್ನೇ ಹೊರಗಿಟ್ಟಿತು. ಅವರ ಮಕ್ಕಳಿಗೆ ದೀಕ್ಷಾಸ್ನಾನವಾದರೂ ಸಿಗಲೆಂದು 1662ರಲ್ಲಿ ‘ಅರ್ಧದಾರಿಯ ಒಡಂಬಡಿಕೆ’ ಎಂಬ ರಾಜಿ ಮಾಡಬೇಕಾಯಿತು. ನಾರ್ಥಾಂಪ್ಟನ್ನಿನ ಸಾಲೊಮನ್ ಸ್ಟಾಡರ್ಡ್ ಆ ಪರೀಕ್ಷೆಯನ್ನೇ ಕೈಬಿಟ್ಟು, ನಡತೆ ಕೆಡದವರಿಗೆಲ್ಲ ಪ್ರಭು ಭೋಜನ ಕೊಟ್ಟರು.

ಅವರ ಮೊಮ್ಮಗ, ಅದೇ ಸಭೆಯ ಉತ್ತರಾಧಿಕಾರಿ ಜೊನಾಥನ್ ಎಡ್ವರ್ಡ್ಸ್. ಈ ವಿಷಯದ ಬಗ್ಗೆ ಅವರಷ್ಟು ಕೂದಲು ಸೀಳಿ ಯೋಚಿಸಿದವರು ಇನ್ನೊಬ್ಬರಿಲ್ಲ ಎಂದು ನನ್ನ ಭಾವನೆ. ಭಕ್ತಿ ಸಾಮೂಹಿಕವಾಗಿ ಉಕ್ಕುವ ಉಜ್ಜೀವನದ ಬಿಸಿಯಲ್ಲಿ ಜನ ಕೂಗಿ ಬೀಳುತ್ತಿದ್ದಾಗ, ಒಬ್ಬರನ್ನು ನೋಡಿ ಒಬ್ಬರು ಮಾಡುತ್ತಿದ್ದಾರೆ, ಆದ್ದರಿಂದ ಇದೆಲ್ಲ ಬೂಟಾಟಿಕೆ ಎಂದು ಟೀಕಾಕಾರರು ಹೇಳಿದರು. 1741ರಲ್ಲಿ ಎಡ್ವರ್ಡ್ಸ್ ಅದಕ್ಕೆ ಉತ್ತರ ಕೊಟ್ಟರು: ಒಬ್ಬರ ಮಾದರಿ ಇನ್ನೊಬ್ಬರನ್ನು ತಟ್ಟುವುದು ಮನುಷ್ಯ ಸ್ವಭಾವ, ದೇವರೂ ಅದನ್ನು ಬಳಸಬಲ್ಲ, ಹಾಗಾಗಿ ಅದು ಸುಳ್ಳಿನ ಪುರಾವೆಯಾಗದು. ಐದು ವರ್ಷದ ನಂತರ ‘ಧಾರ್ಮಿಕ ಭಾವಗಳು’ ಕುರಿತ ದೊಡ್ಡ ಗ್ರಂಥದಲ್ಲಿ ಇನ್ನೊಂದು ಬದಿಯನ್ನೂ ಬಿಚ್ಚಿದರು. ಕಣ್ಣೀರು, ನಡುಕ, ಬಾಯಿತುಂಬ ವಾಕ್ಯ ಇವು ನಿಜದ ಪುರಾವೆಯೂ ಅಲ್ಲ. ಅನುಭವಗಳು ಒಪ್ಪಿತ ಕ್ರಮದಲ್ಲೇ ಬಂದವೆಂಬುದರಿಂದಲೂ ಏನೂ ಸಾಬೀತಾಗದು. ಮರ ಗೊತ್ತಾಗುವುದು ಬಾಳಿನ ನಡೆಯೆಂಬ ಹಣ್ಣಿನಿಂದ.

ಇಷ್ಟು ತಿಳಿದವರೂ ಕೊನೆಗೆ ಅಜ್ಜ ತೆರೆದಿಟ್ಟ ಬಾಗಿಲನ್ನು ಮತ್ತೆ ಮುಚ್ಚಹೋದರು. ಹೃದಯದಿಂದ ವಿಶ್ವಾಸ ಹೇಳಿಕೊಳ್ಳದವರಿಗೆ ಭೋಜನವಿಲ್ಲವೆಂದದ್ದಕ್ಕೆ ಸಭೆ 1750ರಲ್ಲಿ ಅವರನ್ನೇ ಕಳಿಸಿಕೊಟ್ಟಿತು.

ಇಂಗ್ಲೆಂಡಿನ ವೆಸ್ಲಿ ಸಹೋದರರು ಜನ ಕೂಗಿ ಬೀಳುವ ಇಂಥದೇ ಕೂಟಗಳನ್ನು ಕಂಡವರು. 1743ರಲ್ಲಿ ನ್ಯೂಕಾಸಲ್ಲಿನಲ್ಲಿ ಚಾರ್ಲ್ಸ್ ವೆಸ್ಲಿ ಕಂಡುಹಿಡಿದ ಉಪಾಯ ಸರಳ: ಕೂಗಿ ಬೀಳುವವರನ್ನು ಯಾರ ಕಣ್ಣಿಗೂ ಬೀಳದಂತೆ ಮೂಲೆಗೆ ಸಾಗಿಸುವುದು. ಬೀಳುವವರ ಸಂಖ್ಯೆ ಇಳಿಯಿತು. ಆದರೆ ಅಣ್ಣ ಜಾನ್ ವೆಸ್ಲಿಯವರಿಗೇ 1738ರಲ್ಲಿ, ತನ್ನಲ್ಲಿ ವಿಶ್ವಾಸವಿಲ್ಲ, ಬೋಧನೆ ನಿಲ್ಲಿಸಲೇ ಎಂದು ಕೇಳಿದಾಗ, ಮೊರೇವಿಯನ್ ಗೆಳೆಯ ಪೀಟರ್ ಬೋಲರ್ ಕೊಟ್ಟ ಸಲಹೆ, ವಿಶ್ವಾಸ ಸಿಗುವ ತನಕ ಅದನ್ನು ಬೋಧಿಸುತ್ತಿರು ಎಂಬುದಾಗಿತ್ತು.

ಇಷ್ಟರ ನಂತರ ಪಂಡಿತಾ ರಮಾಬಾಯಿಯವರಿಗೆ ಬರುವುದು ನನಗೆ ಸಮಾಧಾನದ ಕೆಲಸ. ಅವರು 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದವರು. ಊರೂರು ತಿರುಗಿ ಪುರಾಣ ಹೇಳುತ್ತಿದ್ದ ಕುಟುಂಬ. ಭಕ್ತಿಯ ಮಾತು ಹೊಟ್ಟೆಪಾಡಾಗುವುದನ್ನು ಅವರು ಎಳವೆಯಲ್ಲೇ ಒಳಗಿನಿಂದ ಕಂಡಿದ್ದರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್ ಊರಿನ ಆಂಗ್ಲಿಕನ್ ಕನ್ಯಾಮಠದಲ್ಲಿ ತಂಗಿದ್ದಾಗ ದೀಕ್ಷಾಸ್ನಾನ ಪಡೆದ ಮೇಲೆ ಅವರ ಆಧ್ಯಾತ್ಮಿಕ ತಾಯಿಯಂತಿದ್ದ ಸಿಸ್ಟರ್ ಜೆರಾಲ್ಡೀನ್ ಜೊತೆ ನಡೆದ ಪತ್ರ ವ್ಯವಹಾರ ಓದಬೇಕು. ಲ್ಯಾಟಿನ್ ಬರಹವಿದ್ದ ಶಿಲುಬೆ ತೊಡಲು ಹೇಳಿದಾಗ, ನಮ್ಮ ಸಂಸ್ಕೃತಕ್ಕಿಂತ ಲ್ಯಾಟಿನ್‌ನಲ್ಲಿ ಏನು ಹೆಚ್ಚುಗಾರಿಕೆ ಎಂದರು. ಸಸ್ಯಾಹಾರ ಬಿಡಲಿಲ್ಲ. ಒಂದು ಪುರೋಹಿತಶಾಹಿಯ ನೊಗ ಇಳಿಸಿ ಬಂದಿದ್ದೇನೆ, ಇನ್ನೊಂದಕ್ಕೆ ಕೊರಳು ಕೊಡಲಾರೆ ಎಂದು ಬರೆದರು. ಜೆರಾಲ್ಡೀನರಿಗೆ ಇದು ಮೊಂಡುತನವಾಗಿ, ಜಂಬವಾಗಿ ಕಂಡಿತು.

ಆಮೇಲೆ ರಮಾಬಾಯಿಯವರೇ ಒಪ್ಪಿಕೊಂಡದ್ದು, ದೀಕ್ಷಾಸ್ನಾನವಾಗಿ ಸುಮಾರು ಎಂಟು ವರ್ಷ ತಾನು ಕ್ರೈಸ್ತ ಧರ್ಮವನ್ನು ಕಂಡಿದ್ದೆ, ಕ್ರಿಸ್ತನನ್ನು ಕಂಡಿರಲಿಲ್ಲ ಎಂದು. ಅದನ್ನು ಅವರಿಗೆ ಮನಗಾಣಿಸಿದ್ದರಲ್ಲಿ ವಿಲಿಯಂ ಹ್ಯಾಸ್ಲಮ್ ಎಂಬ ಆಂಗ್ಲಿಕನ್ ಪಾದ್ರಿಯ ಆತ್ಮಕಥೆಯೂ ಒಂದು. ವರ್ಷಗಟ್ಟಲೆ ಪಾದ್ರಿಯಾಗಿದ್ದ ಹ್ಯಾಸ್ಲಮ್ 1851ರಲ್ಲಿ ಕಾರ್ನ್‌ವಾಲಿನ ತಮ್ಮ ಚರ್ಚಿನಲ್ಲಿ ಬೋಧಿಸುತ್ತಿರುವಾಗ ತಮ್ಮದೇ ಬೋಧನೆಯಿಂದ ಪರಿವರ್ತನೆಯಾದವರು. ವೇದಿಕೆಯಲ್ಲಿ ನಟಿಸುತ್ತಿದ್ದ ಮಾತು ಅಲ್ಲೇ ನಿಜವಾದ ಆ ಕಥೆ ಓದಿ ಇನ್ನೊಬ್ಬರಿಗೆ ತಮ್ಮ ಸ್ಥಿತಿ ಅರ್ಥವಾಯಿತು.

1905ರಲ್ಲಿ ಪುಣೆಯ ಬಳಿಯ ಕೇಡಗಾವ್‌ನ ಅವರ ಮುಕ್ತಿ ಸದನದಲ್ಲಿ ಉಜ್ಜೀವನ ಎದ್ದಿತು. ಅಲ್ಲಿದ್ದವರು ಬಹುತೇಕ ಬಾಲವಿಧವೆಯರು, ಬರಗಾಲದಲ್ಲಿ ದಿಕ್ಕೆಟ್ಟ ಹೆಣ್ಣುಮಕ್ಕಳು. ವೇಲ್ಸ್ ದೇಶದಲ್ಲಿ ಹಿಂದಿನ ವರ್ಷ ಎದ್ದ ಉಜ್ಜೀವನದ ಸುದ್ದಿ, ಖಾಸಿ ಬೆಟ್ಟಗಳ ಸುದ್ದಿ ಅವರಿಗೆ ತಲುಪಿತ್ತು. ನಮಗೂ ಆಗಲೆಂದು ಗುಂಪು ಕೂಡಿ ಬೇಡುತ್ತಿದ್ದರು. ಜೂನ್ ತಿಂಗಳಲ್ಲಿ ಅತ್ತರು, ನಡುಗಿದರು, ನೂರಾರು ಮಂದಿ ಒಟ್ಟಿಗೇ ಗಟ್ಟಿಯಾಗಿ ಪ್ರಾರ್ಥಿಸಿದರು. ಹುಡುಗಿಯೊಬ್ಬಳ ಮೇಲೆ ಬೆಂಕಿ ಕಂಡು ಇನ್ನೊಬ್ಬಳು ಬಕೆಟ್ಟಿನಲ್ಲಿ ನೀರು ತರಲು ಓಡಿದಳೆಂದು ಅಂದಿನ ವರದಿಗಳು ಹೇಳುತ್ತವೆ. ಇದು ಹಿಸ್ಟೀರಿಯ, ಒಬ್ಬಳನ್ನು ನೋಡಿ ಇನ್ನೊಬ್ಬಳು ಎಂದವರಿಗೆ ರಮಾಬಾಯಿ ಜಗ್ಗಲಿಲ್ಲ. ಭಾರತೀಯರ ಭಕ್ತಿಯನ್ನು ಪಾಶ್ಚಾತ್ಯರ ಶಿಸ್ತಿಗೆ ಕಟ್ಟಿಹಾಕಬೇಕಿಲ್ಲವೆಂಬುದು ಅವರ ನಿಲುವು. ಸದನದಲ್ಲಿ ಮುಂದೆ, ಆತ್ಮ ನುಡಿಸಿತೆನ್ನುವ ತಿಳಿಯದ ನುಡಿಗಳ ‘ಅನ್ಯಭಾಷೆ’ಯ ಅನುಭವವೂ ಕಾಣಿಸಿತು. ಆದರೆ ಪವಿತ್ರಾತ್ಮ ಬಂದದ್ದಕ್ಕೆ ಅದೇ ಕಡ್ಡಾಯ ಗುರುತೆಂದು ರಮಾಬಾಯಿಯವರಾಗಲಿ, ಜೊತೆಗಿದ್ದ ಮಿನಿ ಏಬ್ರಮ್ಸ್ ಆಗಲಿ ಹೇಳಲಿಲ್ಲ. ಏಬ್ರಮ್ಸ್ ಬರೆದ ಪುಸ್ತಿಕೆ ಚಿಲಿ ದೇಶದ ವಾಲ್ಪರೈಸೊ ಊರಿನ ಹೂವರ್ ದಂಪತಿಯ ಕೈಸೇರಿ, 1909ರಲ್ಲಿ ಅಲ್ಲಿಯ ಮೆಥಡಿಸ್ಟ್ ಸಭೆಯಲ್ಲೂ ಇಂಥದೇ ಉಜ್ಜೀವನವಾಯಿತು.

ಅಮೆರಿಕದ ಪೆಂತೆಕೋಸ್ತರು ಬೇರೆ ದಾರಿ ಹಿಡಿದರು. ಅಸೆಂಬ್ಲೀಸ್ ಆಫ್ ಗಾಡ್ 1916ರ ತನ್ನ ವಿಶ್ವಾಸ ಪ್ರಮಾಣದಲ್ಲಿ ಅನ್ಯಭಾಷೆಯನ್ನು ಆತ್ಮದ ದೀಕ್ಷಾಸ್ನಾನದ ಮೊದಲ ಬಾಹ್ಯ ಗುರುತೆಂದು ಬರೆದಿತು. ಅರ್ಧ ಶತಮಾನದ ನಂತರ ವಿದ್ವಾಂಸರು ಬಂದರು. 1972ರಲ್ಲಿ ಭಾಷಾವಿಜ್ಞಾನಿ ವಿಲಿಯಂ ಸಮಾರಿನ್, ಅನ್ಯಭಾಷೆಯ ಉಚ್ಚಾರಗಳು ಬಹುತೇಕ ಮಾತಾಡುವವನ ಸ್ವಂತ ಭಾಷೆಯ ಧ್ವನಿಗಳಿಂದಲೇ ಆದವು ಎಂದು ತೋರಿಸಿದರು. ಅದೇ ವರ್ಷ ಮನಶ್ಶಾಸ್ತ್ರಜ್ಞ ಜಾನ್ ಕಿಲ್ಡಾಲ್, ಗುಂಪಿನವರ ಅನ್ಯಭಾಷೆ ಮುಖಂಡನ ಶೈಲಿಯನ್ನೇ ಹೋಲುತ್ತದೆ ಎಂದರು. ಟೀಕಾಕಾರರು ಇದನ್ನು ಬಯಲಿಗೆಳೆದ ಮೋಸವೆಂಬಂತೆ ಹಿಡಿದರು. ಸಮಾರಿನ್ ಹಾಗೆ ಹೇಳಿರಲಿಲ್ಲ. ಭಾಷೆಯಲ್ಲದಿದ್ದರೂ ಹೇಳುವವನಿಗೆ ಅದು ಅರ್ಥಪೂರ್ಣ ಪ್ರಾರ್ಥನೆಯೆಂಬುದನ್ನು ಅವರು ಒಪ್ಪಿದ್ದರು. ನನ್ನ ಚಿಂತೆ ಬೇರೆ. ಆತ್ಮಕ್ಕಾಗಿ ಕಾದಿರುವ ಕೂಟದಲ್ಲಿ ಪಾಸ್ಟರು ತಲೆಯ ಮೇಲೆ ಕೈಯಿಟ್ಟು ‘ಬಾಯಿ ತೆರೆ, ಹಲ್ಲೆಲೂಯಾ ಅನ್ನುತ್ತಲೇ ಇರು’ ಎಂದಾಗ, ಸುತ್ತ ನಿಂತವರೆಲ್ಲ ಪಡೆದವರೇ ಆಗಿರುವಾಗ, ಹದಿನಾರರ ಹುಡುಗನಿಗೆ ‘ನನಗೇನೂ ಆಗುತ್ತಿಲ್ಲ’ ಎನ್ನಲು ಎಷ್ಟು ಎದೆಗಾರಿಕೆ ಬೇಕು?

ತತ್ತ್ವಜ್ಞರ ಸಾಲನ್ನು ಬೇಗ ದಾಟಬಹುದು. ನಂಬಲಾಗದವನು ನಂಬಿದವರಂತೆ ಮೊಣಕಾಲೂರಿ, ತೀರ್ಥಜಲ ಹಚ್ಚಿಕೊಂಡು ಅಭ್ಯಾಸ ಮಾಡಲಿ ಎಂದವರು ಪಾಸ್ಕಲ್. ಕ್ರಿಸ್ತನಂತೆ ನಟಿಸುವುದೂ ಕ್ರಿಸ್ತನಂತಾಗುವ ದಾರಿ ಎಂದು ಸಿ.ಎಸ್. ಲೂಯಿಸ್ ಒಂದು ಅಧ್ಯಾಯವನ್ನೇ ಬರೆದರು. ಆರಾಧನೆಯಲ್ಲಿ ನಟರು ಸಭೆಯವರು, ಬೋಧಕ ಬರೀ ಮಾತು ಎತ್ತಿಕೊಡುವವನು, ಪ್ರೇಕ್ಷಕ ದೇವರೊಬ್ಬನೇ ಎಂದ ಕಿರ್ಕೆಗಾರ್ಡ್‌ರ ಮಾತು ಇವೆಲ್ಲಕ್ಕಿಂತ ಹರಿತ. ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್ಮನ್ 2012ರ ಪುಸ್ತಕದಲ್ಲಿ ಅಮೆರಿಕದ ವಿನ್ಯಾರ್ಡ್ ಸಭೆಯವರು ದೇವರ ದನಿ ಕೇಳುವುದನ್ನು ತಿಂಗಳುಗಟ್ಟಲೆ ಅಭ್ಯಾಸದಿಂದ, ಒಬ್ಬರಿಂದೊಬ್ಬರು ಕಲಿಯುತ್ತಾರೆಂದು ತೋರಿಸಿದರು.

ಕರ್ನಾಟಕದಲ್ಲಿ ಪ್ರಶ್ನೆ ಇನ್ನೂ ಒಂದು ಸುತ್ತು ಹೆಚ್ಚು ತೊಡಕು, ಯಾರನ್ನು ಅನುಕರಿಸಬೇಕೆಂಬುದೇ ಇಲ್ಲಿ ವಿವಾದ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನ್ ರಾಗಗಳಿಗೆ ಕನ್ನಡ ಮಾತು ಹೊಂದಿಸಿದರು. ಅದೇ ಮಿಷನ್ನಿನ ಕಿಟ್ಟೆಲ್ ಅದಕ್ಕೆ ಬದಲಾಗಿ ಕ್ರಿಸ್ತನ ಬದುಕನ್ನು ‘ಕಥಾಮಾಲೆ’ಯಲ್ಲಿ ದೇಸಿ ಛಂದಸ್ಸಿಗೆ ತಂದರು. ಇವತ್ತು ಸಿ.ಎಸ್.ಐ. ಸಭೆಯ ಹಿರಿಯರಿಗೆ ಆ ಜರ್ಮನ್ ರಾಗವೇ ಎದೆಯೊಳಗಿನ ರಾಗ. ಅದನ್ನು ಬಿಟ್ಟು ಹಾಡೆಂದರೆ ಅವರಿಗೆ ನಾಟಕವಾಡಿದಂತಾಗುತ್ತದೆ. ಕಥೋಲಿಕರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, ಬೆಂಗಳೂರಿನ ರಾಷ್ಟ್ರೀಯ ಬೈಬಲ್ ಮತ್ತು ಆರಾಧನಾ ಕೇಂದ್ರವನ್ನು ಕಟ್ಟಿದ ಅಮಲೋರ್ಪವದಾಸ್ ಅವರ ಮುಂದಾಳತ್ವದಲ್ಲಿ ಆರತಿ, ದೀಪ, ಅಂಗವಸ್ತ್ರ, ನೆಲದ ಮೇಲೆ ಕೂರುವುದು ಬಲಿಪೂಜೆಗೆ ಬಂದವು. ಇಂಥ 12 ಅಂಶಗಳಿಗೆ 1969ರಲ್ಲಿ ರೋಮ್ ಒಪ್ಪಿಗೆ ಕೊಟ್ಟಿತ್ತು. ಭಾರತೀಯವಾಗುವ ಪ್ರಾಮಾಣಿಕ ಹಂಬಲವೇ. ಆದರೆ ತಮ್ಮನ್ನು ಒಳಗೆ ಬಿಡದ ದೇವಸ್ಥಾನದ ಕ್ರಮವನ್ನು ಇಲ್ಲಿಯೂ ತಂದಿರಲ್ಲ ಎಂದು ದಲಿತ ಕ್ರೈಸ್ತರು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಇನ್ನೂ ಸಿಕ್ಕಿಲ್ಲ.

ಈಗಿನ ತರುಣರು ಹಾಡು ಕಲಿಯುವುದು ಯೂಟ್ಯೂಬಿನಿಂದ. ಸಿಡ್ನಿಯಲ್ಲಿ ಹುಟ್ಟಿದ ಹಾಡು ಕನ್ನಡವಾಗುವಾಗ ಗಿಟಾರಿನ ತಿರುವಿನ ಜೊತೆಗೆ ಹಾಡುಗಾರ ಕಣ್ಣು ಮುಚ್ಚಿ ಕೈ ಎತ್ತುವ ಜಾಗವೂ ಬರುತ್ತದೆ. ಹಿರಿಯರು ಮೂಗು ಮುರಿಯುತ್ತಾರೆ, ತಮ್ಮ ಹಾರ್ಮೋನಿಯಂ ಯಾರ ಕೈಯಿಂದ ಬಂತೆಂಬುದು ಅವರಿಗೆ ಮರೆತಿದೆ. 2020ರಲ್ಲಿ ಕೊರೊನಾ ಚರ್ಚುಗಳ ಬಾಗಿಲು ಹಾಕಿಸಿದಾಗ ಎಲ್ಲರಿಗೂ ಮತ್ತಾಯನ ಆ ಒಳಕೋಣೆ ಒದಗಿತು: ಯಾರೂ ನೋಡುತ್ತಿಲ್ಲ, ಯಾರನ್ನೂ ನೋಡಿ ಮಾಡಬೇಕಿಲ್ಲ. ಮೊಬೈಲಿನ ಆರಾಧನೆಗೆ ಎದ್ದು ನಿಂತವರಿದ್ದರು, ಸೋಫಾದಲ್ಲಿ ಒರಗಿ ಕಾಫಿ ಕುಡಿಯುತ್ತ ನೋಡಿದವರೂ ಇದ್ದರು. ಬಾಗಿಲು ತೆರೆದ ಮೇಲೆ ಕೆಲವರು, ಮನೆಯಲ್ಲೇ ಏಕಾಗ್ರತೆ ಚೆನ್ನಾಗಿರುತ್ತದೆ ಎಂದು ಉಳಿದುಕೊಂಡರು. ಇನ್ನು ಕೆಲವರು, ಪಕ್ಕದಲ್ಲಿ ಯಾರಾದರೂ ಹಾಡದಿದ್ದರೆ ನನಗೆ ಪ್ರಾರ್ಥನೆಯೇ ಬರುವುದಿಲ್ಲ ಎಂದು ಮೊದಲ ಭಾನುವಾರವೇ ಓಡಿಬಂದರು. ಎರಡನೆಯವರು ತಮ್ಮ ಬಗ್ಗೆ ಹೆಚ್ಚು ನಿಜ ಹೇಳಿದರೆಂದು ನನ್ನ ಎಣಿಕೆ.